ಹನ್ನೆರಡನೇ ಬೆಡ್ಡಿನ ತಟ್ಟೆ

ಶುಕ್ರವಾರ ಕಳೆದು ಶನಿವಾರದ ಬೆಳಗಿನ ಜಾವ, ಮೂರು ಗಂಟೆ. ಗಂಡಸರ ಜನರಲ್ ವಾರ್ಡಿನಲ್ಲಿ ಡ್ರಿಪ್ ಬದಲಿಸಲು ಹೋದ ಸಿಸ್ಟರ್‌ಗೆ 12ನೇ ಬೆಡ್ಡಿನ ಅಜ್ಜನ ಅಂಗಿ ಒದ್ದೆಯಾಗಿರುವುದು ಕೈಗೆ ತಾಗಿತು. ಮೇಲೆ ಫ್ಯಾನು ತಿರುಗುತ್ತಿತ್ತು. ಸೆಕೆಯ ಬೆವರಲ್ಲ ಅದು. ಕರೆದರೆ ಉತ್ತರವಿಲ್ಲ. ಬೆರಳು ಚುಚ್ಚಿ ನೋಡಿದರೆ ಸಕ್ಕರೆ 46. 70ಕ್ಕಿಂತ ಇಳಿದರೇ ಕಡಿಮೆ ಎಂದು ಲೆಕ್ಕ. 54ಕ್ಕಿಂತ ಇಳಿದರೆ ತಡಮಾಡುವ ಹಾಗಿಲ್ಲ. ರಕ್ತನಾಳಕ್ಕೆ ಗ್ಲೂಕೋಸ್ ಹಾಕಿದರು. ಸ್ವಲ್ಪ ಹೊತ್ತಿನಲ್ಲಿ ಅಜ್ಜ ಕಣ್ಣು ಬಿಟ್ಟರು.

ಅಜ್ಜ ಉಳಿದರು, ಅವರ ಕಾಲೂ ಉಳಿಯಿತು, ಎರಡು ವಾರದಲ್ಲಿ ಮನೆಗೂ ಹೋದರು. ಆದರೆ ಆ ರಾತ್ರಿಗೆ ಮುಂಚೆ ಮೂರು ದಿನ ಅವರು ಸರಿಯಾಗಿ ಉಂಡಿರಲಿಲ್ಲ. ಮೂರೂ ದಿನ ಫೈಲಿನಲ್ಲಿ 'ಡಯಟ್ ಕೊಡಲಾಗಿದೆ' ಎಂಬಲ್ಲಿ ಟಿಕ್ ಇತ್ತು. ಟಿಕ್ ಸುಳ್ಳಲ್ಲ. ತಟ್ಟೆ ಕೊಟ್ಟಿದ್ದರು. ಇನ್ಸುಲಿನ್ ಕೂಡ ಹೊತ್ತಿಗೆ ಸರಿಯಾಗಿ ಕೊಟ್ಟಿದ್ದರು. ಹೊಟ್ಟೆಗೆ ಅನ್ನ ಹೋಗದೆ ಇನ್ಸುಲಿನ್ ಮಾತ್ರ ಹೋದರೆ ಏನಾಗುತ್ತದೆಂದು ಆ ವಾರ್ಡಿನಲ್ಲಿ ಗೊತ್ತಿಲ್ಲದವರು ಯಾರೂ ಇರಲಿಲ್ಲ.

ನಾನು ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮೆಡಿಕಲ್ ಸೋಶಿಯಲ್ ವರ್ಕರ್. ಆಸ್ಪತ್ರೆಯ ಹೆಸರು ಬೇಡ. ಜನರ ಹೆಸರೂ ಇಲ್ಲಿ ಬರುವುದಿಲ್ಲ, ಗುರುತು ಹತ್ತಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ಹೆಸರಿಲ್ಲದ ಹಾಗೆ ನೋಡಿದ ಜನರ ಬಗ್ಗೆ ಬರೆಯುತ್ತಾ ನಾನೂ ಅವರ ಹೆಸರು ಬಿಡುತ್ತಿದ್ದೇನಲ್ಲ, ಇದು ವಿಚಿತ್ರವೇ. ಆದರೆ ಬೇರೆ ದಾರಿ ಇಲ್ಲ.

ನಡೆದದ್ದು

ಅಜ್ಜನಿಗೆ 74 ವರ್ಷ. ಬಂಟ್ವಾಳದ ಕಡೆಯವರು, ಮನೆಮಾತು ತುಳು. ಸಕ್ಕರೆ ಕಾಯಿಲೆ ಹಳೆಯದು. ಕಾಲಿನ ಗಾಯಕ್ಕೆ ಸೋಂಕು ತಗಲಿ ಸೋಮವಾರ ಅಡ್ಮಿಟ್ ಆದರು. ಮಂಗಳವಾರ ಕೆಟ್ಟ ಮಾಂಸ ತೆಗೆದು ಗಾಯ ಸ್ವಚ್ಛ ಮಾಡುವ ಶಸ್ತ್ರಚಿಕಿತ್ಸೆ ಆಯಿತು. ಬುಧವಾರದಿಂದ ಊಟ ಶುರು. ಬೆಳಿಗ್ಗೆ ಉಪ್ಪಿಟ್ಟೋ ಇಡ್ಲಿಯೋ, ಮಧ್ಯಾಹ್ನ ಬೆಳ್ತಿಗೆ (ಬಿಳಿ ಅಕ್ಕಿಯ) ಅನ್ನ, ರಾತ್ರಿ ಚಪಾತಿ. ಡಯಾಬಿಟಿಕ್ ಡಯಟ್ ಅಂದರೆ ನಮ್ಮಲ್ಲಿ ಎಲ್ಲರಿಗೂ ಇದೇ.

ಮಗ ಗಲ್ಫಿನಲ್ಲಿ. ಸೊಸೆ ದಿನಕ್ಕೊಮ್ಮೆ ಬಂದು ಹೋಗುತ್ತಿದ್ದರು. ಬೈಸ್ಟ್ಯಾಂಡರ್ ಆಗಿ, ಅಂದರೆ ರೋಗಿಯ ಜೊತೆಗೆ ನಿಲ್ಲುವವನಾಗಿ, ಇದ್ದದ್ದು ಸೊಸೆಯ ತಮ್ಮ, ಕಾಲೇಜು ಹುಡುಗ. ಗುರುವಾರದ ರೌಂಡ್ಸ್‌ನಲ್ಲಿ ಅಜ್ಜ ಯಾವ ಪ್ರಶ್ನೆಗೂ ಬಾಯಿ ಬಿಡಲಿಲ್ಲ. ಫಿಸಿಯೋಥೆರಪಿಯವರು ಎದ್ದು ಕೂತುಕೊಳ್ಳಿ ಅಂದಾಗ ಮುಖ ಗೋಡೆಗೆ ತಿರುಗಿಸಿದರು. ಅವತ್ತೇ ಫೈಲಿನಲ್ಲಿ 'ನಾನ್ ಕೋಆಪರೇಟಿವ್' ಎಂದು ಬಿತ್ತು. ಶುಕ್ರವಾರ ನನಗೆ ಚೀಟಿ ಬಂತು: ಬೆಡ್ 12, ನಾನ್ ಕೋಆಪರೇಟಿವ್, ಕೌನ್ಸೆಲಿಂಗ್ ಮಾಡಿ.

ಸಂಜೆ ನಾಲ್ಕಕ್ಕೆ ಹೋದೆ. ಹೇಗಿದ್ದೀರಿ, ಊಟ ಸೇರ್ತದಾ, ಮನೆ ನೆನಪಾಗ್ತದಾ ಅಂತ ಕೇಳಿದೆ. ಅಜ್ಜ ಬಾಯಿ ಮುಚ್ಚಿಕೊಂಡೇ ತಲೆಯಾಡಿಸಿದರು. ಅದು ಹೌದೋ ಅಲ್ಲವೋ ಗೊತ್ತಾಗಲಿಲ್ಲ. ನಾಲ್ಕು ನಿಮಿಷ ಇದ್ದಿರಬಹುದು. 'ಮಾತು ಕಡಿಮೆ, ಖಿನ್ನತೆಯ ಲಕ್ಷಣ ಇರಬಹುದು, ಸೋಮವಾರ ಮತ್ತೆ ನೋಡುವುದು' ಎಂದು ಬರೆದು ಬಂದೆ.

ನನಗೆ ತುಳು ಬರುತ್ತದೆ. ಮನೆಯಲ್ಲಿ ಮಾತಾಡುವುದೇ ತುಳು. ಆದರೂ ಅವತ್ತು ಕೇಳಿದ್ದು ಕನ್ನಡದಲ್ಲಿ. ಕೊರಳಿಗೆ ಐಡಿ ಕಾರ್ಡ್ ಬಿದ್ದ ಮೇಲೆ ನಾಲಿಗೆ ತಾನಾಗಿ ಕನ್ನಡಕ್ಕೆ ಹೊರಳುತ್ತದೆ. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ.

ಶನಿವಾರ ಬೆಳಿಗ್ಗೆ ಡ್ಯೂಟಿಗೆ ಬಂದಾಗ ರಾತ್ರಿಯ ಸುದ್ದಿ ಸಿಕ್ಕಿತು. ಅಜ್ಜ ನಿದ್ದೆಯಲ್ಲಿದ್ದರು. ನಾನು ಬೆಡ್ ಪಕ್ಕ ನಿಂತು ಫೈಲ್ ತಿರುವುತ್ತಿದ್ದೆ. ನೆಲ ಒರೆಸುತ್ತಿದ್ದ ಹೌಸ್‌ಕೀಪಿಂಗ್ ಅಕ್ಕ ಹತ್ತಿರ ಬಂದು "ಕಾಲ್ ಎತ್ರಿ ಮೇಡಂ" ಅಂದಳು. ಎತ್ತಿದೆ. ಒರೆಸಿ ಮುಂದೆ ಹೋದವಳು ತಿರುಗಿ ನಿಂತು, ಯಾರಿಗೋ ಹೇಳಿದ ಹಾಗೆ ಹೇಳಿದಳು: "ಅಜ್ಜಗ ಹಲ್ಲಿಲ್ರಿ."

ಅಷ್ಟೇ. ಕಟ್ಟಿಸಿದ ಹಲ್ಲು. ಅರಿವಳಿಕೆ ಕೊಡುವ ಮೊದಲು ಹಲ್ಲಿನ ಸೆಟ್ ತೆಗೆಸುತ್ತಾರೆ, ಅದು ನಿಯಮ. ತೆಗೆದ ಸೆಟ್ಟನ್ನು ಡಬ್ಬಿಯಲ್ಲಿ ಹಾಕಿ ಸೊಸೆಯ ಕೈಗೆ ಕೊಟ್ಟಿದ್ದಾರೆ, ಅದೂ ನಿಯಮವೇ. ಡಬ್ಬಿ ಅವರ ಚೀಲದ ಜೊತೆ ಮನೆಗೆ ಹೋಗಿ ಅಲ್ಲಿಯೇ ಉಳಿದಿದೆ. ಹಲ್ಲಿಲ್ಲದೆ ಚಪಾತಿ ಅಗಿಯಲು ಆಗುವುದಿಲ್ಲ. ಬೊಚ್ಚು ಬಾಯಿ ಬಿಟ್ಟು ಮಾತಾಡಲು ಅಜ್ಜನಿಗೆ ನಾಚಿಕೆ. ಅದರಲ್ಲೂ ಇಪ್ಪತ್ತೈದರ ಹುಡುಗಿಯರೇ ತುಂಬಿರುವ ಜಾಗದಲ್ಲಿ.

ಅಕ್ಕನಿಗೆ ಇದು ಬುಧವಾರವೇ ಗೊತ್ತಿತ್ತು. ಅಜ್ಜ ಅವಳ ಹತ್ತಿರ ತುಳುವಿನಲ್ಲಿ ಗಂಜಿ ಸಿಗುತ್ತದಾ ಎಂದು ಮೆಲ್ಲಗೆ ಕೇಳಿದ್ದರಂತೆ. ಅಕ್ಕ ಗದಗದ ಕಡೆಯವಳು. ಎಂಟು ವರ್ಷ ಇದೇ ವಾರ್ಡಿನಲ್ಲಿ ನೆಲ ಒರೆಸಿ ರೋಗಿಗಳಿಂದಲೇ ತುಳು ಕಲಿತವಳು. ಉಂಡ ತಟ್ಟೆ ಎತ್ತುವುದೂ ಅವಳೇ. "ಮೂರು ದಿನಾ ಆತ್ರಿ, ತಾಟು ಹೆಂಗ ಹೋಗಿತ್ತೋ ಹಂಗ ವಾಪಸ್ ಬಂದೈತಿ. ರಾತ್ರಿದು ಮಾತ್ರ ಆ ಹುಡುಗ ತಿಂತಿದ್ದ" ಅಂದಳು.

ಹುಡುಗನನ್ನು ಆಮೇಲೆ ಕೇಳಿದೆ. ಪಾಪ, ಕದ್ದು ತಿಂದದ್ದಲ್ಲ. "ಎಂತ ಮಾಡುದು ಮೇಡಂ, ಅಜ್ಜೆರ್ ಬೇಡ ಹೇಳಿದ್ರು. ವೇಸ್ಟ್ ಆಗ್ತದಲ್ಲ ಅಂತ ನಾನು ತಿಂದದ್ದು." ಬುಧವಾರ, ಗುರುವಾರ ಎರಡೂ ರಾತ್ರಿ ಅವನೇ ಅಜ್ಜನಿಗೆ ಚಹಾದಲ್ಲಿ ಬಿಸ್ಕೆಟ್ ಅದ್ದಿ ತಿನ್ನಿಸಿದ್ದ. ಆ ಸಿಹಿಯೇ ಎರಡು ರಾತ್ರಿ ಇನ್ಸುಲಿನ್ನಿಗೆ ಎದುರು ನಿಂತಿತ್ತೋ ಏನೋ. ಶುಕ್ರವಾರ ಅವನು ಪರೀಕ್ಷೆ ಅಂತ ಊರಿಗೆ ಹೋದ. ಇತ್ತ ಸೋಂಕು ಇಳಿಯುತ್ತಾ ಬಂದ ಹಾಗೆ ದೇಹಕ್ಕೆ ಬೇಕಾದ ಇನ್ಸುಲಿನ್ನೂ ಕಡಿಮೆಯಾಗುತ್ತಾ ಬಂದಿತ್ತು. ಡೋಸ್ ಹಳೆಯದೇ.

ಮೂರು ದಿನ ಯಾಕೆ ಹೇಳಲಿಲ್ಲ ಎಂದು ಅಕ್ಕನನ್ನು ಕೇಳಿದೆ. ಕೇಳಬಾರದ ರೀತಿಯಲ್ಲಿ ಕೇಳಿದೆ, ತಪ್ಪು ಅವಳದು ಅನ್ನುವ ಹಾಗೆ. ಅವಳು ಮಾಪ್ ಹಿಂಡುತ್ತಾ ಅಂದಳು, "ಸೂಪರ್‌ವೈಸರ್‌ಗೆ ಹೇಳಿದ್ನ್ರಿ. ನಿನ್ನ ಕೆಲಸ ನೀ ನೋಡು ಅಂದ್ರು. ನನ್ನ ಯಾರು ಕೇಳ್ಯಾರ್ರಿ?"

ಬೈಗುಳವೇ ಇಲ್ಲದ ಅಮಾನವೀಕರಣ

ಈ ಪ್ರಕರಣದಲ್ಲಿ ದುಷ್ಟರು ಯಾರೂ ಇಲ್ಲ. ಅಜ್ಜನಿಗೆ ಯಾರೂ ಬೈದಿಲ್ಲ. ಅದಕ್ಕೇ ಇದನ್ನು ಅಮಾನವೀಕರಣ, ಅಂದರೆ ಮನುಷ್ಯರನ್ನು ಮನುಷ್ಯರಾಗಿ ಕಾಣದಿರುವುದು, ಅಂತ ಕರೆಯಲು ಮೊದಲು ನನಗೂ ಹಿಂಜರಿಕೆ ಆಯಿತು. ಆ ಪದ ಕೇಳಿದರೆ ಯುದ್ಧ, ನರಮೇಧ, ಜಾತಿ ನೆನಪಾಗುತ್ತವೆ.

ನಮ್ಮ ಜಿಲ್ಲೆಗೆ ಅದರ ಘೋರ ರೂಪವೂ ಹೊಸದಲ್ಲ. ಇಲ್ಲಿಯ ಬುಡಕಟ್ಟು ಸಮುದಾಯವಾದ ಕೊರಗರ ಮೇಲೆ ನಡೆಯುತ್ತಿದ್ದ ಅಜಲು ಪದ್ಧತಿ ಗೊತ್ತಿರಬೇಕು. ಬೇರೆಯವರ ಪೀಡೆ ಇವರಿಗೆ ದಾಟಲಿ ಅಂತ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವುದು. ಅದನ್ನು ನಿಷೇಧಿಸುವ ಕಾಯಿದೆ ಕರ್ನಾಟಕದಲ್ಲಿ ಬಂದದ್ದು 2000ದಲ್ಲಿ. ತುಂಬಾ ಹಿಂದಿನ ಮಾತೇನೂ ಅಲ್ಲ.

ಮೆಲ್ಬರ್ನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ನಿಕ್ ಹಾಸ್ಲಮ್ 2006ರಲ್ಲಿ ಅಮಾನವೀಕರಣವನ್ನು ಎರಡಾಗಿ ಬಿಡಿಸಿ ತೋರಿಸಿದರು. ಒಂದರಲ್ಲಿ ಎದುರಿನವರನ್ನು ಪ್ರಾಣಿಯ ಮಟ್ಟಕ್ಕೆ ಇಳಿಸುತ್ತೇವೆ: ಇವರಿಗೆ ಬುದ್ಧಿಯಿಲ್ಲ, ಸಂಸ್ಕಾರವಿಲ್ಲ, ಮೈಮೇಲೆ ಹಿಡಿತವಿಲ್ಲ ಅಂತ. ಅಜಲು ಈ ಕಡೆಗೆ ಬರುತ್ತದೆ. ಇನ್ನೊಂದರಲ್ಲಿ ಯಂತ್ರವಾಗಿ ಕಾಣುತ್ತೇವೆ: ಒಳಗೆ ಭಾವನೆ ಇರುವುದು, ಒಬ್ಬೊಬ್ಬರೂ ಬೇರೆ ಬೇರೆ ಇರುವುದು ಕಣ್ಣಿಗೆ ಬೀಳುವುದಿಲ್ಲ. ಇದರಲ್ಲಿ ದ್ವೇಷ ಇರಲೇಬೇಕು ಅಂತಿಲ್ಲ, ಉದಾಸೀನ ಸಾಕು. ಹಾಸ್ಲಮ್ ಇದಕ್ಕೆ ಕೊಡುವ ಉದಾಹರಣೆಗಳಲ್ಲಿ ವೈದ್ಯಕೀಯವೂ ಒಂದು. ನಮ್ಮ ವಾರ್ಡು ಈ ಎರಡನೇ ಸಾಲಿನದು. 'ಬೆಡ್ 12' ಬೈಗುಳ ಅಲ್ಲವೇ ಅಲ್ಲ, ಅನುಕೂಲ.

ಇಲ್ಲೊಂದು ತಕರಾರು ಹೇಳಿಬಿಡಬೇಕು. ಎಲ್ಲ ಕ್ರೌರ್ಯಕ್ಕೂ ಅಮಾನವೀಕರಣವೇ ಮೂಲ ಅನ್ನುವುದನ್ನು ಹಲವರು ಒಪ್ಪುವುದಿಲ್ಲ. ಅವಮಾನ ಮಾಡುವವನಿಗೆ ಎದುರಿನವನು ಮನುಷ್ಯ ಅಂತ ಚೆನ್ನಾಗಿ ಗೊತ್ತಿರುತ್ತದೆ. ಕಲ್ಲಿಗೆ ಯಾರಾದರೂ ಅವಮಾನ ಮಾಡುತ್ತಾರಾ? ಸಂಶೋಧಕ ಟೇಜ್ ರೈ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದ್ದು ಇದನ್ನೇ. ಸ್ವಂತ ಲಾಭಕ್ಕಾಗಿ ಮಾಡುವ ಹಿಂಸೆ ಅಮಾನವೀಕರಣದಿಂದ ಸುಲಭವಾಗುತ್ತದೆ. 'ಅವನಿಗೆ ಪಾಠ ಕಲಿಸಬೇಕು' ಎಂಬ ಹಿಂಸೆಗೆ ಅದು ಬೇಕಾಗುವುದಿಲ್ಲ. ಅಲ್ಲಿ ನೋವು ತಿನ್ನುವವನು ಮನುಷ್ಯನೇ ಆಗಿರಬೇಕು. ಹಾಗೆ ನೋಡಿದರೆ ಅಜಲಿನ ಲೆಕ್ಕವೂ ನಾನು ಮೇಲೆ ಬರೆದಷ್ಟು ಸರಳವಲ್ಲ. ನಮ್ಮ ವಾರ್ಡಿನಲ್ಲಿ ಪಾಠ ಕಲಿಸುವ ಉದ್ದೇಶ ಯಾರಿಗೂ ಇರಲಿಲ್ಲ, ಸಮಯ ಉಳಿಸುವುದಿತ್ತು.

ನೋವಿಗೆ ಕಾಲಂ ಇತ್ತು

ಅಜ್ಜನ ಫೈಲನ್ನು ಆಮೇಲೆ ಕೂತು ಓದಿದೆ. ಮೂರು ದಿನದಲ್ಲಿ ಅವರನ್ನು ಹದಿನೇಳು ಸಲ ನೋವಿನ ಬಗ್ಗೆ ಕೇಳಿದ್ದಾರೆ. ಸೊನ್ನೆಯಿಂದ ಹತ್ತರವರೆಗೆ ಎಷ್ಟು ನೋವು ಅಂತ. ಅಜ್ಜ ಬೆರಳು ತೋರಿಸಿದ್ದಾರೆ: ಮೂರು, ನಾಲ್ಕು, ಮೂರು. ಬಾಯಿ ತೆರೆಯದೆ ಉತ್ತರಿಸಬಹುದಾದ ಪ್ರಶ್ನೆ ಅದೊಂದೇ ಇತ್ತು ಎಂದು ಈಗ ಅನ್ನಿಸುತ್ತದೆ.

ಬೆಲ್ಜಿಯಂನ ಮನೋವಿಜ್ಞಾನಿ ಜಾಕ್ ಫಿಲಿಪ್ ಲೇಯೆನ್ಸ್ 2000ದ ಸುಮಾರಿಗೆ ಒಂದು ಸೂಕ್ಷ್ಮ ಗಮನಿಸಿದರು. ಭಾವನೆಗಳಲ್ಲಿ ಎರಡು ಬಗೆ. ಭಯ, ಸಿಟ್ಟು, ಖುಷಿಯಂಥವು ಪ್ರಾಣಿಗಳಲ್ಲೂ ಇವೆ ಎಂದು ಜನ ನಂಬುತ್ತಾರೆ. ನಾಚಿಕೆ, ಪಶ್ಚಾತ್ತಾಪ, ಹಳೆಯದರ ಹಂಬಲ ಇವೆಲ್ಲ ಮನುಷ್ಯರಿಗೆ ಮಾತ್ರ ಎಂದುಕೊಳ್ಳುತ್ತಾರೆ. ನಮ್ಮವರಿಗೆ ಎರಡೂ ಬಗೆಯ ಭಾವನೆ ಉಂಟು ಅನ್ನುತ್ತೇವೆ. ಹೊರಗಿನವರಿಗೆ ಮೊದಲನೆಯದನ್ನು ಧಾರಾಳವಾಗಿ ಕೊಡುತ್ತೇವೆ, ಎರಡನೆಯದರಲ್ಲಿ ಕೈ ಬಿಗಿ. ಇಷ್ಟಕ್ಕೆ ದ್ವೇಷ ಬೇಕಾಗಿಲ್ಲ. ತಾನು ಹೀಗೆ ಮಾಡುತ್ತಿದ್ದೇನೆ ಅಂತ ಗೊತ್ತಾಗುವುದೂ ಇಲ್ಲ.

ಲೇಯೆನ್ಸ್ ಅಧ್ಯಯನ ಮಾಡಿದ್ದು ದೇಶ, ಭಾಷೆಯಂಥ ಗುಂಪುಗಳನ್ನು. ಅದನ್ನು ಎತ್ತಿ ತಂದು ನಮ್ಮ ವಾರ್ಡಿಗೆ ಅಂಟಿಸಿದರೆ ಅತಿಯಾಗಬಹುದು. ಆದರೆ ಫೈಲು ಕೈಯಲ್ಲಿ ಹಿಡಿದು ಅದನ್ನು ಮರೆಯುವುದು ನನಗೆ ಆಗಲಿಲ್ಲ. ನೋವಿಗೆ ಕಾಲಂ ಇದೆ. ಜ್ವರಕ್ಕಿದೆ, ಮೂತ್ರಕ್ಕಿದೆ. ನಾಚಿಕೆಗೆ ಇಲ್ಲ. ಈ ಮನುಷ್ಯನಿಗೆ ನಾಚಿಕೆ ಆಗುತ್ತಿರಬಹುದು ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನನಗೆ ಖಿನ್ನತೆ ಹೊಳೆಯಿತು. ಯಾಕೆಂದರೆ ಅದು ನನ್ನ ಫಾರ್ಮಿನಲ್ಲಿದೆ.

ಫೈಲಿನಲ್ಲಿದ್ದ 'ನಾನ್ ಕೋಆಪರೇಟಿವ್' ಎಂಬ ಆ ಎರಡು ಪದಗಳ ಬಗ್ಗೆಯೂ ಹೇಳಬೇಕು. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1975ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಪ್ಪು ಮಾಡಿದವರಿಗೆ ವಿದ್ಯುತ್ ಶಾಕ್ ಕೊಡುವ ಕೆಲಸ ವಿದ್ಯಾರ್ಥಿಗಳದ್ದು. ಶಾಕ್ ನಿಜದ್ದಲ್ಲ, ಅವರಿಗೆ ಅದು ಗೊತ್ತಿಲ್ಲ. ಶುರುವಾಗುವ ಮುಂಚೆ ಶಾಕ್ ತಿನ್ನುವವರ ಬಗ್ಗೆ ಒಂದು ಮಾತು ಅವರ ಕಿವಿಗೆ ಬೀಳುವಂತೆ ಮಾಡಿದ್ದರು. ಕೆಲವರಿಗೆ ಒಳ್ಳೆಯ ಮಾತು, ಕೆಲವರಿಗೆ ಅವರು ಮೃಗಗಳಂಥವರು ಅನ್ನುವ ಮಾತು, ಉಳಿದವರಿಗೆ ಏನೂ ಇಲ್ಲ. ಮೃಗ ಎಂದು ಕೇಳಿಸಿಕೊಂಡವರು ಎಲ್ಲರಿಗಿಂತ ಜಾಸ್ತಿ ಶಾಕ್ ಕೊಟ್ಟರು. ಒಳ್ಳೆಯದು ಕೇಳಿಸಿಕೊಂಡವರದು ಎಲ್ಲರಿಗಿಂತ ಕಡಿಮೆ. 'ನಾನ್ ಕೋಆಪರೇಟಿವ್' ಅಷ್ಟು ಕೆಟ್ಟ ಮಾತಲ್ಲ, ಒಪ್ಪುತ್ತೇನೆ. ಆದರೆ ಅದು ಶಿಫ್ಟಿನಿಂದ ಶಿಫ್ಟಿಗೆ ದಾಟುತ್ತದೆ. ಗುರುವಾರದ ಮೇಲೆ ಅಜ್ಜ ತಟ್ಟೆ ಮುಟ್ಟದಿದ್ದರೆ ಯಾರೂ ಯಾಕೆ ಅಂತ ಕೇಳಲಿಲ್ಲ. ಕಾರಣ ಆಗಲೇ ಫೈಲಿನಲ್ಲಿ ಇತ್ತಲ್ಲ.

ಮೌಲ್ಯಕ್ಕೇನೂ ಬರ ಇರಲಿಲ್ಲ

ಒಂದು ವರ್ಷ ಮುಂಚೆ ನಾನೇ ಈ ವಾರ್ಡಿನವರಿಗೆ 'ಮಾನವೀಯ ಆರೈಕೆ' ಎಂಬ ತರಬೇತಿ ಕೊಟ್ಟಿದ್ದೆ. ಸ್ಲೈಡು, ಸಮೋಸ, ಸರ್ಟಿಫಿಕೇಟು. ನಿಮಗೆ ಮುಖ್ಯವಾದ ಮೌಲ್ಯ ಯಾವುದು ಎಂಬ ಚೀಟಿಯಲ್ಲಿ ಹೆಚ್ಚುಕಡಿಮೆ ಎಲ್ಲರೂ ದಯೆ, ಪ್ರೀತಿ, ಸಹಾಯ ಎಂದೇ ಬರೆದಿದ್ದರು. ಸುಮ್ನೆ ಬರೆದದ್ದಲ್ಲ ಅಂತ ನನ್ನ ನಂಬಿಕೆ. ಜೆರುಸಲೇಮಿನ ಶಾಲೋಮ್ ಶ್ವಾರ್ಟ್ಜ್ 1992ರಲ್ಲಿ ಹತ್ತು ಮೂಲ ಮೌಲ್ಯಗಳ ನಕ್ಷೆ ಕೊಟ್ಟವರು. ಅವರೂ ಅನಾತ್ ಬಾರ್ಡಿಯೂ 2001ರಲ್ಲಿ ಹಲವು ದೇಶಗಳ ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಹತ್ತಿರದವರ ಒಳಿತನ್ನು ಬಯಸುವುದು ಬಹುತೇಕ ಎಲ್ಲ ಕಡೆ ಮೇಲೆಯೇ ಬಂತು. ಅಧಿಕಾರ ಕೆಳಗೆ. ಜನರಲ್ಲಿ ಮೌಲ್ಯ ಕುಸಿದಿದೆ ಎಂದು ಭಾಷಣ ಮಾಡುವವರು ಇದನ್ನೊಮ್ಮೆ ನೋಡಬೇಕು.

ಹಾಗಾದರೆ ಅಷ್ಟೂ ದಯೆ ಎಲ್ಲಿ ಹೋಯಿತು? ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ 1973ರಲ್ಲಿ ಪ್ರಕಟಿಸಿದ್ದು ನನಗೆ ಇಲ್ಲಿ ಜಾಸ್ತಿ ಉಪಯೋಗಕ್ಕೆ ಬಂತು. ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ ವಿದ್ಯಾರ್ಥಿಗಳನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಭಾಷಣ ಕೊಡಲು ಕಳಿಸಿದರು. ಕೆಲವರ ಭಾಷಣದ ವಿಷಯ ಬೈಬಲಿನ ಒಳ್ಳೆಯ ಸಮಾರಿಯದವನ ಕಥೆಯೇ, ದಾರಿಯಲ್ಲಿ ಬಿದ್ದಿದ್ದ ಅಪರಿಚಿತನಿಗೆ ನೆರವಾದವನದು. ದಾರಿಯಲ್ಲಿ ಒಬ್ಬ ಕುಸಿದು ಕೂತು ನರಳುತ್ತಿದ್ದ. ಪುರುಸೊತ್ತಿದ್ದವರಲ್ಲಿ 63% ಜನ ಹೇಗಾದರೂ ಸಹಾಯ ಮಾಡಿದರು. ತಡವಾಯಿತು ಓಡಿ ಎಂದು ಹೇಳಿಸಿಕೊಂಡವರಲ್ಲಿ 10%. ಭಾಷಣದ ವಿಷಯ ಯಾವುದು ಎಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ.

ಆ ಶುಕ್ರವಾರ ರಾತ್ರಿ 24 ಬೆಡ್ಡಿಗೆ ಇಬ್ಬರು ಸಿಸ್ಟರ್. ಅಜ್ಜನ ಒದ್ದೆ ಅಂಗಿ ಗಮನಿಸಿದ್ದು ಅವರಲ್ಲೊಬ್ಬಳು, ಕೇರಳದ ಹುಡುಗಿ, ಕೆಲಸಕ್ಕೆ ಸೇರಿ ಒಂದೂವರೆ ವರ್ಷ. ಅಜ್ಜನನ್ನು ಉಳಿಸಿದವಳೂ ಅವಳೇ, ವಿಚಾರಣೆಯಲ್ಲಿ ಜಾಸ್ತಿ ಬೈಸಿಕೊಂಡವಳೂ ಅವಳೇ. ರೋಗಿಯ ಜೊತೆ ಸ್ವಲ್ಪ ಮಾತಾಡಿದ್ದರೆ ಗೊತ್ತಾಗುತ್ತಿತ್ತಲ್ಲ ಎಂದು ನಾನೂ ಅಂದೆ. ಅವಳು ತನ್ನ ಅರ್ಧ ಮಲಯಾಳದ ಕನ್ನಡದಲ್ಲಿ ಹೇಳಿದಳು: "ಎಲ್ಲರ ಕಥೆ ಕೇಳಿದ್ರೆ ನಾನು ಹೇಗೆ ಮಲಗೋದು ಮೇಡಂ?"

ಇದು ನೆಪ ಅಲ್ಲ. ಯೆರೋನ್ ವಾಸ್ ಮತ್ತು ಮಾರ್ಟಿನಾ ಮುರಾತೋರೆ ಇಟಲಿಯ ಆಸ್ಪತ್ರೆ ಸಿಬ್ಬಂದಿಯ ಜೊತೆ ಮಾಡಿದ ಅಧ್ಯಯನ 2013ರಲ್ಲಿ ಬಂತು. ಸಾಯುತ್ತಿರುವ ರೋಗಿಯ ಸಂಕಟವನ್ನು ಮನುಷ್ಯರಿಗೇ ವಿಶೇಷವಾದ ಭಾವನೆಗಳಲ್ಲಿ ಊಹಿಸಿಕೊಂಡವರಲ್ಲಿ ದಣಿವು ಜಾಸ್ತಿ ಕಂಡಿತು, ಮುಖ್ಯವಾಗಿ ರೋಗಿಗಳ ಜೊತೆ ನೇರ ಸಂಪರ್ಕ ಹೆಚ್ಚಿರುವವರಲ್ಲಿ. ಅಂದರೆ ರೋಗಿಯನ್ನು ಬೆಡ್ ನಂಬರಾಗಿ ನೋಡುವುದು ಸಿಸ್ಟರ್‌ಗೆ ಒಂದು ರೇನ್‌ಕೋಟು. ನಾನು ತರಬೇತಿಯಲ್ಲಿ ಅದನ್ನು ಬಿಚ್ಚಿಹಾಕಿ ಅಂತ ಹೇಳಿದ್ದೆ. ಆಟಿ ತಿಂಗಳ ಮಳೆಯಲ್ಲಿ ನಿಂತವರಿಗೆ, ಕೊಡೆಯನ್ನೂ ಕೊಡದೆ.

ಅವಳನ್ನು ಆ ವಾರ್ಡಿನಲ್ಲಿ ಯಾರಾದರೂ ಹೆಸರಿಟ್ಟು ಕರೆದದ್ದು ನಾನು ಕೇಳಿರಲಿಲ್ಲ. ರೋಗಿಗಳಿಗೆ ಅವಳು ಸಿಸ್ಟರ್, ಬೈಸ್ಟ್ಯಾಂಡರುಗಳಿಗೆ 'ಹಲೋ', ಡ್ಯೂಟಿ ಚಾರ್ಟಿನಲ್ಲಿ ಒಂದು ಅಕ್ಷರ.

ತಟ್ಟೆ ಎತ್ತುವವಳು

ಈ ಪ್ರಕರಣದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಅಜ್ಜ ಅಲ್ಲ, ಅಕ್ಕ.

ಏಮಿ ರೆಸ್ನೆವ್‌ಸ್ಕಿ ಮತ್ತು ಜೇನ್ ಡಟ್ಟನ್ ಅಮೆರಿಕದ ಒಂದು ಆಸ್ಪತ್ರೆಯಲ್ಲಿ 28 ಮಂದಿ ಸ್ವಚ್ಛತಾ ಸಿಬ್ಬಂದಿಯನ್ನು ಮಾತಾಡಿಸಿದ್ದರು. 2001ರಲ್ಲಿ ಪ್ರಕಟವಾದ ಬರಹದಲ್ಲಿ ಅದು ಬರುತ್ತದೆ. ಎಲ್ಲರದ್ದೂ ಒಂದೇ ಕೆಲಸ. ಆದರೆ ಒಂದು ಗುಂಪಿನವರು ನೆಲ ಒರೆಸುತ್ತೇವೆ, ಅಷ್ಟೇ ಅಂದರು. ಇನ್ನೊಂದು ಗುಂಪಿನವರು ತಾವು ರೋಗಿ ಗುಣವಾಗುವುದಕ್ಕೆ ನೆರವಾಗುತ್ತಿದ್ದೇವೆ ಅಂದರು. ಇವರು ರೋಗಿಗಳ ಜೊತೆ ಮಾತಾಡುತ್ತಿದ್ದರು, ಯಾರೂ ಹೇಳದ ಕೆಲಸಗಳನ್ನು ತಾವೇ ಹಚ್ಚಿಕೊಂಡಿದ್ದರು. ಪ್ರಜ್ಞೆಯಿಲ್ಲದ ರೋಗಿಗಳ ಕೋಣೆಗಳಲ್ಲಿ ಗೋಡೆಯ ಚಿತ್ರಗಳನ್ನು ಆಗಾಗ ಅದಲುಬದಲು ಮಾಡುತ್ತಿದ್ದ ಒಬ್ಬಾಕೆಯ ವಿಷಯವನ್ನು ರೆಸ್ನೆವ್‌ಸ್ಕಿ ಹೇಳುತ್ತಾರೆ. ಅದು ಅವಳ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ.

ಇದನ್ನು ಓದಿದವರು ಸಾಮಾನ್ಯವಾಗಿ ಒಂದು ಪಾಠ ತೆಗೆಯುತ್ತಾರೆ: ಕೆಲಸ ಯಾವುದಾದರೇನು, ಅರ್ಥ ನಾವೇ ಕೊಟ್ಟುಕೊಳ್ಳಬೇಕು. ಮ್ಯಾನೇಜರುಗಳಿಗಂತೂ ಇದು ಬಲು ಪ್ರೀತಿ. ಸಂಬಳ ಜಾಸ್ತಿ ಮಾಡಬೇಕಾಗಿಲ್ಲವಲ್ಲ! ನಮ್ಮ ಅಕ್ಕನಿಗೆ ಅರ್ಥದ ಕೊರತೆ ಇರಲಿಲ್ಲ. ಯಾವ ಅಜ್ಜನಿಗೆ ಬಿಸಿನೀರು ಬೇಕು, ಯಾವ ಹುಡುಗ ರಾತ್ರಿ ಅಳುತ್ತಾನೆ, ಯಾರ ಮನೆಯವರು ಎರಡು ದಿನದಿಂದ ಬಂದಿಲ್ಲ, ಎಲ್ಲ ಅವಳ ತಲೆಯಲ್ಲಿತ್ತು. "ಒಣಸ್ ಆಂಡಾ ಅಜ್ಜೆರೆ?" (ಊಟ ಆಯ್ತಾ ಅಜ್ಜ?) ಎಂದು ಆ ವಾರ್ಡಿನಲ್ಲಿ ದಿನಾ ಕೇಳುತ್ತಿದ್ದವಳು ಅವಳೊಬ್ಬಳೇ ಇರಬೇಕು. ಆದರೆ ಅವಳಿಗೆ ಗೊತ್ತಿದ್ದದ್ದು ಫೈಲಿಗೆ ಹೋಗಲು ದಾರಿ ಇರಲಿಲ್ಲ. ಅವಳು ಗುತ್ತಿಗೆದಾರನ ಆಳು, ಆಸ್ಪತ್ರೆಯವಳೂ ಅಲ್ಲ. ಹಿಂದೊಮ್ಮೆ ಒಬ್ಬರ ಡ್ರಿಪ್ ಮುಗಿದಿದೆ ಅಂತ ಹೇಳಲು ಹೋಗಿ ಬೈಸಿಕೊಂಡಿದ್ದಳಂತೆ.

ಬ್ರಾಕ್ ಬಾಸ್ಟಿಯನ್ ಮತ್ತು ಹಾಸ್ಲಮ್ 2011ರಲ್ಲಿ ಈ ಮಗ್ಗುಲನ್ನೂ ನೋಡಿದ್ದಾರೆ. ತಮ್ಮನ್ನು ವಸ್ತುವಿನ ಹಾಗೆ ನಡೆಸಿಕೊಂಡಾಗ ಜನ ದುಃಖಪಡುವುದು, ಸಿಟ್ಟಾಗುವುದು ಮಾತ್ರವಲ್ಲ, ಒಂಥರಾ ಜಡವೂ ಆಗುತ್ತಾರೆ. ತಲೆ ಖಾಲಿ ಖಾಲಿ. ಅಕ್ಕನ "ನನ್ನ ಯಾರು ಕೇಳ್ಯಾರ್ರಿ" ಎಂಬುದರಲ್ಲಿ ಸಿಟ್ಟು ಹುಡುಕಿದೆ, ಸಿಗಲಿಲ್ಲ. ಇವತ್ತು ಮಳೆ ಬರಬಹುದು ಅನ್ನುವ ಹಾಗೆ ಹೇಳಿದ್ದಳು.

ಆ ವಾರ್ಡಿಗೆ ನಾನು ಹೋಗಿಬರಲು ಶುರುಮಾಡಿ ಎರಡು ವರ್ಷವಾಗಿತ್ತು. ಅವಳ ಹೆಸರು ನನಗೆ ಗೊತ್ತಾದದ್ದು ಆ ಶನಿವಾರ.

ಮಾಡಿದ್ದು, ಆದದ್ದು

ಸೊಸೆ ಮಧ್ಯಾಹ್ನವೇ ಹಲ್ಲಿನ ಡಬ್ಬಿ ತಂದರು. ಪಾಪ, ಅಳುತ್ತಾ ಬಂದಿದ್ದರು. ಡಯಟಿಷಿಯನ್ ಅಳತೆ ಹಾಕಿ ಕುಚ್ಚಲಕ್ಕಿ ಗಂಜಿ, ತೊಂಡೆಕಾಯಿ ಪಲ್ಯ ಬರೆದುಕೊಟ್ಟರು. ಅಜ್ಜ ಉಂಡರು. ಸಂಜೆ ನಾನು ತುಳುವಿನಲ್ಲಿ ಮಾತಾಡಿಸಿದೆ. ಅವರು ಮೂವತ್ತು ವರ್ಷ ಹಂಚಿನ ಕಾರ್ಖಾನೆಯಲ್ಲಿ ಇದ್ದವರು. ಹಂಚು ಸರಿಯಾಗಿ ಬೆಂದಿದೆಯೋ ಇಲ್ಲವೋ ಎಂದು ಬೆರಳಲ್ಲಿ ಬಡಿದು ಶಬ್ದದಿಂದಲೇ ಹೇಳುತ್ತಿದ್ದರಂತೆ. ಊಟದ ಸ್ಟೀಲ್ ತಟ್ಟೆಗೆ ಬಡಿದು ತೋರಿಸಿದರು. 'ನಾನ್ ಕೋಆಪರೇಟಿವ್' ರೋಗಿಯನ್ನು ನಿಲ್ಲಿಸುವುದು ಹೇಗೆ ಅಂತ ನನಗೆ ಚಿಂತೆಯಾಯಿತು, ಅಷ್ಟು ಮಾತು.

ತಿಂಗಳ ಮೀಟಿಂಗಿನಲ್ಲಿ ನಾನು ಕೇಳಿದ್ದು ಮೂರು. ತರಬೇತಿ ಮಾತ್ರ ಬೇಡ ಅಂದೆ.

ಮೊದಲನೆಯದು ಸುಲಭದ್ದು: ಊಟ ಕೊಟ್ಟದ್ದಕ್ಕೆ ಟಿಕ್ ಹಾಕುವ ಬದಲು ತಟ್ಟೆ ಹೇಗೆ ವಾಪಸ್ ಬಂತು ಅಂತ ಬರೆಯುವುದು. ಪೂರ್ತಿ, ಅರ್ಧ, ಖಾಲಿ. ಖಾಲಿಯಾಗಿದ್ದರೆ ಉಂಡವರು ಯಾರು. ಇನ್ಸುಲಿನ್ ಇರುವವರ ತಟ್ಟೆ ತುಂಬಿ ವಾಪಸ್ ಬಂದರೆ ಕೂಡಲೇ ಸಿಸ್ಟರ್‌ಗೆ ತಿಳಿಸಬೇಕು. ಇದು ಒಂದೇ ವಾರದಲ್ಲಿ ಜಾರಿಗೆ ಬಂತು, ಈಗಲೂ ಚೆನ್ನಾಗಿ ನಡೆಯುತ್ತಿದೆ. ಇದಕ್ಕೆ ಮನೋವಿಜ್ಞಾನ ಏನೂ ಬೇಕಿರಲಿಲ್ಲ.

ಎರಡನೆಯದು ನನ್ನ ಹಠ. ಅಡ್ಮಿಟ್ ಆದ ದಿನ ಒಂದು ಪ್ರಶ್ನೆ: 'ಮನೆಯಲ್ಲಿ ಎಂತ ಊಟ ಇಷ್ಟ?' ಇದರ ಹಿಂದೆ ಲಸಾನಾ ಹ್ಯಾರಿಸ್ ಮತ್ತು ಸೂಸನ್ ಫಿಸ್ಕ್ ಅವರ ಕೆಲಸ ಇದೆ. 2006ರಲ್ಲಿ ಅವರು, ಬೇರೆಯವರ ಮನಸ್ಸಿನ ಬಗ್ಗೆ ಯೋಚಿಸುವಾಗ ಚುರುಕಾಗುವ ಮಿದುಳಿನ ಮುಂಭಾಗದ ಒಂದು ಜಾಗ, ಮನೆಯಿಲ್ಲದವರ ಮತ್ತು ಮಾದಕ ವ್ಯಸನಿಗಳ ಫೋಟೋ ನೋಡುವಾಗ ಅಷ್ಟಾಗಿ ಚುರುಕಾಗುವುದಿಲ್ಲ ಎಂದು ವರದಿ ಮಾಡಿದರು. ಮರುವರ್ಷ ಅಂಥದ್ದೇ ಫೋಟೋ ತೋರಿಸುವಾಗ, ಈ ವ್ಯಕ್ತಿಗೆ ಈ ತರಕಾರಿ ಇಷ್ಟವಾಗಬಹುದಾ ಎಂದು ಕೇಳಿದರು. ಆ ಜಾಗ ಮತ್ತೆ ಚುರುಕಾಯಿತು. ಸಣ್ಣ ಗುಂಪಿನ ಅಧ್ಯಯನ, ಮಿದುಳಿನ ಚಿತ್ರ ನೋಡಿ ಮನಸ್ಸು ಹೇಳುವುದರಲ್ಲಿ ಅಪಾಯವೂ ಇದೆ. ಆದರೂ ನನಗೆ ಇಷ್ಟವಾದದ್ದು ಪ್ರಶ್ನೆಯ ಗಾತ್ರ. ಜೀವನದ ಕಥೆ ಕೇಳಬೇಕಾಗಿಲ್ಲ, ಸಿಸ್ಟರ್ ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ. ಬಸಳೆಯೋ ತೊಂಡೆಕಾಯಿಯೋ ಎಂದು ಕೇಳಿದರೆ ಸಾಕು.

ಮೂರನೆಯದು, ಒಂದು ಶಿಫ್ಟಿನವರು ಇನ್ನೊಂದು ಶಿಫ್ಟಿನವರಿಗೆ ವಿವರ ಒಪ್ಪಿಸುವ ಬೆಳಗಿನ ಹ್ಯಾಂಡೋವರ್‌ಗೆ ಹೌಸ್‌ಕೀಪಿಂಗ್‌ನವರೂ ಐದು ನಿಮಿಷ ಬರಬೇಕು ಎಂಬುದು. ಇದು ನೆಲಕಚ್ಚಿತು. ಗುತ್ತಿಗೆದಾರ ಐದು ನಿಮಿಷದ ಲೆಕ್ಕ ಕೇಳಿದ. ಅಕ್ಕ ಎರಡು ವಾರ ಬಂದು ಬಾಗಿಲ ಹತ್ತಿರ ನಿಂತಳು. ಒಳಗೆ ಬನ್ನಿ ಅಂದರೂ ಬರಲಿಲ್ಲ. ಎಲ್ಲರೂ ಇಂಗ್ಲಿಷಿನಲ್ಲಿ ಮಾತಾಡಿ ಮುಗಿಸಿ ಕೊನೆಗೆ ಅವಳ ಕಡೆ ತಿರುಗಿ "ಏನಾದ್ರೂ ಉಂಟಾ?" ಅನ್ನುತ್ತಿದ್ದರು. ಹತ್ತು ಮಂದಿ ಒಟ್ಟಿಗೆ ನೋಡುವಾಗ ಯಾರಾದರೂ ಏನು ಹೇಳುತ್ತಾರೆ? ಮೂರನೇ ವಾರ ಅವಳು ಬರಲಿಲ್ಲ. ಅವಳನ್ನು ಗೌರವಿಸುತ್ತಿದ್ದೇನೆ ಅಂದುಕೊಂಡಿದ್ದೆ. ಅವಳ ಪಾಲಿಗೆ ಅದು ಇನ್ನೊಂದು ಡ್ಯೂಟಿ, ಸಂಬಳವಿಲ್ಲದ್ದು.

ಈಗ ನಡೆಯುವುದು ಬೇರೆ ರೀತಿ. ತಟ್ಟೆ ಎತ್ತುವಾಗ ಅಕ್ಕ ಮತ್ತು ಆ ಕೇರಳದ ಸಿಸ್ಟರ್ ಇಬ್ಬರೇ ಟ್ರಾಲಿ ಹತ್ತಿರ ನಿಂತು ಮಾತಾಡಿಕೊಳ್ಳುತ್ತಾರೆ. ಗದಗದ ಕನ್ನಡ, ಮಲಯಾಳ, ನಡುವೆ ತುಳು. ಕಾಲಂ ತುಂಬುವುದು ಅಲ್ಲೇ. ಅದನ್ನು ನಾನು ಏರ್ಪಾಡು ಮಾಡಿದ್ದಲ್ಲ. ಯಾವಾಗ ಶುರುವಾಯಿತು ಅಂತಲೂ ಗೊತ್ತಿಲ್ಲ.

ಕಳೆದ ತಿಂಗಳು ಊಟದ ಪ್ರಶ್ನೆಯ ಹಾಳೆಗಳನ್ನು ತೆಗೆದು ನೋಡಿದೆ. ವಾರ್ಡಿನಲ್ಲಿ ಅವತ್ತು ಹತ್ತೊಂಬತ್ತು ಜನ. ಹದಿಮೂರು ಹಾಳೆಗಳಲ್ಲಿ 'ಗಂಜಿ' ಎಂದೇ ಇತ್ತು, ಒಂದೇ ಕೈಬರಹದಲ್ಲಿ. ಮುಗಿಯಿತು, ಇದೂ ಟಿಕ್ ಆಯಿತು ಅಂದುಕೊಂಡೆ. ಯಾವುದಕ್ಕೂ ನೋಡೋಣವೆಂದು ಬೆಡ್ಡಿನಿಂದ ಬೆಡ್ಡಿಗೆ ಹೋಗಿ ಹದಿಮೂರು ಜನರನ್ನೂ ಕೇಳಿದೆ. ಒಂಬತ್ತು ಜನ ನಿಜವಾಗಿಯೂ ಗಂಜಿಯೇ ಅಂದರು. ಮೂವರು ತಮ್ಮನ್ನು ಯಾರೂ ಕೇಳಿಯೇ ಇಲ್ಲ ಅಂದರು. ಒಬ್ಬರು, ಮೂಲ್ಕಿಯ ಕಡೆಯ ಮೀನು ವ್ಯಾಪಾರಿ, ಬಂಗುಡೆ ಪುಳಿಮುಂಚಿ ಅಂತ ಹೇಳಿದ್ದೆ, ಸಿಸ್ಟರ್ ನಕ್ಕು ಗಂಜಿ ಅಂತ ಬರೆದುಕೊಂಡರು ಅಂದರು.